ಹಗಲಲ್ಲೇ ನಕ್ಷತ್ರ: ಫಾರ್ವರ್ಡ್ ಆಗಿ ಬಂದ ಫೋಟೋ ನಿಜವೇ?

ನೀಲಿ ಆಕಾಶದಲ್ಲೊಂದು ಬಿಳಿ ಚುಕ್ಕೆ. ಕೆಳಗೆ ‘ಹಾರುವ ತಟ್ಟೆ’ ಎಂದೋ, ‘ಹಗಲು ನಕ್ಷತ್ರ ಕಂಡರೆ ಊರಿಗೆ ಕೇಡು’ ಎಂದೋ ಒಂದು ಸಾಲು. ಶಿವಮೊಗ್ಗದ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಇಂಥದ್ದು ಬಂದರೆ, ಎಡಿಟ್ ಮಾಡಿದ್ದು ಎಂದು ತಕ್ಷಣ ತಳ್ಳಿಹಾಕಬೇಡಿ. ಸಾಲು ಸುಳ್ಳು, ಫೋಟೋ ನಿಜ ಆಗಿರಬಹುದು. ಆ ಚುಕ್ಕೆ ಹಳ್ಳಿಗಳಲ್ಲಿ ‘ಬೆಳ್ಳಿ’ ಎನ್ನುವ ಶುಕ್ರಗ್ರಹ ಇರಬಹುದು.

2023ರ ಮಾರ್ಚ್ 24 ನೆನಪಿದೆಯೇ? ಯುಗಾದಿ ಕಳೆದು ಎರಡು ದಿನ, ರಂಜಾನ್‌ನ ಮೊದಲ ಉಪವಾಸ. ಸಂಜೆ ಎಳೆಚಂದ್ರನ ಪಕ್ಕದಲ್ಲೇ ಹೊಳೆಯುವ ಚುಕ್ಕೆ ಕಂಡು ದೇಶವೆಲ್ಲ ಮೊಬೈಲ್ ಎತ್ತಿತ್ತು. ಅದಕ್ಕೂ ಮುಂಚೆ, ಬಿಸಿಲಿರುವಾಗಲೇ, ದೇಶದ ಹಲವೆಡೆ ಚಂದ್ರ ಶುಕ್ರನನ್ನು ಮರೆಮಾಡಿ ಬಿಟ್ಟಿದ್ದ. ಶುಕ್ರ ಹಗಲಲ್ಲಿ ಎಲ್ಲೂ ಹೋಗಿರುವುದಿಲ್ಲ. ಅವನನ್ನು ಮುಚ್ಚಿದ ದಟ್ಟ ಮೋಡಗಳು ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಹಿಂತಿರುಗಿಸುತ್ತವೆ. ಆದ್ದರಿಂದಲೇ ನೀಲಿ ಬಾನಿನಲ್ಲೂ ಕಾಣುವಷ್ಟು ಹೊಳಪು.

ಫೋಟೋ ತೆಗೆಯಲು ಹೆಚ್ಚು ಜೂಮ್ ಇರುವ ಸಾಧಾರಣ ಡಿಜಿಟಲ್ ಕ್ಯಾಮೆರಾ ಸಾಕು. ಕಷ್ಟ ಇರುವುದು ಫೋಕಸ್‌ನಲ್ಲಿ. ಖಾಲಿ ಆಕಾಶದಲ್ಲಿ ಆಟೋಫೋಕಸ್‌ಗೆ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ಓಡಾಡುತ್ತದೆ. ಹಗಲಲ್ಲಿ ಚಂದ್ರನಿದ್ದರೆ ಮೊದಲು ಅವನ ಮೇಲೆ, ಇಲ್ಲದಿದ್ದರೆ ದೂರದ ಗುಡ್ಡದ ಮೇಲೆ, ಭದ್ರಾವತಿಯಲ್ಲಾದರೆ ಕಾರ್ಖಾನೆಯ ಚಿಮಣಿಯ ಮೇಲೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ. ಐಎಸ್ಒ 100, ಎಫ್ 8, ಸೆಕೆಂಡಿನ 500ನೇ ಒಂದು ಭಾಗದಿಂದ ಶುರು ಮಾಡಬಹುದು. ಎಲ್ಲಿ ನೋಡಬೇಕೆಂಬುದನ್ನು ಸ್ಟೆಲೇರಿಯಂನಂಥ ಆ್ಯಪ್ ತೋರಿಸುತ್ತದೆ.

ಅಪಾಯ ಇರುವುದು ಶಕುನದಲ್ಲಲ್ಲ, ಸೂರ್ಯನಲ್ಲಿ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಕೈ ಪೂರ್ತಿ ಚಾಚಿ ಅಳೆದರೆ ಸುಮಾರು ಎರಡೂಕಾಲು ಗೇಣು, ಅಷ್ಟೇ. ಹುಡುಕುವಾಗ ಜೂಮ್ ಲೆನ್ಸಿಗೋ ಬೈನಾಕ್ಯುಲರಿಗೋ ಸೂರ್ಯ ಸಿಕ್ಕರೆ ಕಣ್ಣಿಗೆ ಶಾಶ್ವತ ಹಾನಿಯಾದೀತು. ಸೂರ್ಯ ಪೂರ್ತಿ ಮರೆಯಾಗುವಂತೆ ಮನೆಯ ನೆರಳಿನಲ್ಲಿ ನಿಲ್ಲಿ. ಸಂಜೆ ಬೆಳ್ಳಿ ಕಾಣುವ ತಿಂಗಳುಗಳಲ್ಲಿ, ಮಧ್ಯಾಹ್ನದ ಮೇಲೆ, ಪಡುವಣ ಗೋಡೆಯ ಹಿಂದಿನ ಸೂರ್ಯ ಇನ್ನಷ್ಟು ಕೆಳಗಿಳಿಯುತ್ತಾನೆ. ಮುಂಜಾನೆ ಬೆಳ್ಳಿಯ ಕಾಲದಲ್ಲಿ ಹಾಗಲ್ಲ, ಅವನು ಗೋಡೆಯ ಮೇಲಿಂದ ಇಣುಕುತ್ತಾನೆ. ಮಕ್ಕಳು ಜೊತೆಗಿದ್ದರೆ ಸಂಜೆಯ ಬೆಳ್ಳಿಯನ್ನೇ ಕಾಯಿರಿ.

ಬಲೂನ್ ಇರಬಹುದೆಂಬ ಅನುಮಾನವೇ? ಚುಕ್ಕೆಯನ್ನು ಸೂರಿನ ಅಂಚಿಗೆ ಹೊಂದಿಸಿ ಹತ್ತು ನಿಮಿಷ ನೋಡಿ. ಗ್ರಹ ಎರಡೂವರೆ ಡಿಗ್ರಿಯಷ್ಟು ಮಾತ್ರ, ಪಶ್ಚಿಮಕ್ಕೇ ಸರಿಯುತ್ತದೆ. ಬಲೂನ್ ಗಾಳಿ ಬೀಸಿದತ್ತ ಹೋಗುತ್ತದೆ.

ಕೆಲವೊಮ್ಮೆ ಜೂಮ್ ಮಾಡಿದಾಗ ಚುಕ್ಕೆಯ ಬದಲು ಪುಟ್ಟ ಕುಡುಗೋಲು ಕಾಣುತ್ತದೆ. ಅದು ‘ಎರಡನೇ ಚಂದ್ರ’ ಅಲ್ಲ. ಶುಕ್ರ ಭೂಮಿಯ ಹತ್ತಿರ ಬಂದಾಗ ಅವನ ಬೆಳಕಿನ ಭಾಗ ಓರೆಯಾಗಿ ಕಾಣುವುದು ಹಾಗೆಯೇ. ಗೆಲಿಲಿಯೋ 1610ರಲ್ಲಿ ದೂರದರ್ಶಕದಲ್ಲಿ ಈ ಕಲೆಗಳನ್ನು, ಅಂದರೆ ಹಿಗ್ಗಿ ಕುಗ್ಗುವ ರೂಪಗಳನ್ನು, ನೋಡತೊಡಗಿದ್ದ.