ಕಲಿತ ಕೈಗೆ ಊರೇ ಮೊದಲ ಗಿರಾಕಿಯಾಗಲಿ

ನೆಲದಲ್ಲಿ ಒಂದು ಗೂಟ, ಕೈಯಲ್ಲಿ ನಾಲ್ಕೈದು ರಿಂಗು. ಎಷ್ಟು ದೂರದಿಂದ ಎಸೆಯಬೇಕೆಂದು ಎಸೆಯುವವರೇ ಗೊತ್ತುಮಾಡಿಕೊಳ್ಳಬೇಕು. ಹತ್ತಿರ ನಿಂತರೆ ಕಡಿಮೆ ಅಂಕ, ದೂರ ಹೋದಷ್ಟೂ ಹೆಚ್ಚು. ಸ್ವಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಆಡಿಸುವ ಈ ಆಟದಲ್ಲಿ ಕೆಲವರು ಗೂಟದ ಮೇಲೇ ಬಾಗಿ ರಿಂಗು ತೊಡಿಸಿಬಿಡುತ್ತಾರೆ. ಕೆಲವರು ಗೋಡೆಗೆ ಬೆನ್ನು ಹಚ್ಚಿ ನಿಂತು, ಬಿದ್ದರೆ ಬೀಳಲಿ ಎಂದು ಎಸೆಯುತ್ತಾರೆ. ಎರಡು ಎಸೆತ ತಪ್ಪಿದ ಮೇಲೆ ಅರ್ಧ ಹೆಜ್ಜೆ ಮುಂದೆ ಬಂದು, ತನ್ನ ಕೈಯಳತೆ ನೋಡಿಕೊಂಡು ನಿಲ್ಲುವವರೂ ಇರುತ್ತಾರೆ. ತರಬೇತುದಾರರ ಕಣ್ಣು ಇವರ ಮೇಲೆ. ಅಂಗಡಿ ತೆರೆಯುವವರಿಗೂ ಹಸು ಕಟ್ಟುವವರಿಗೂ ಬೇಕಾದ್ದು ಆ ಅರ್ಧ ಹೆಜ್ಜೆಯ ಲೆಕ್ಕಾಚಾರವೇ.

ಈ ಆಟದ ಹಿಂದೆ ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಇದ್ದಾರೆ. 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಕೆಲವೇ ದಿನಗಳ ತರಬೇತಿ ಕೊಡಿಸಿದರು. ಊರಿಗೆ ಮರಳಿದವರು ತರಬೇತಿ ಪಡೆಯದವರಿಗಿಂತ ಚುರುಕಾಗಿ ಹೊಸ ವ್ಯವಹಾರಕ್ಕೆ ಕೈಹಾಕಿದ್ದು ಕಂಡುಬಂತು. ವ್ಯಾಪಾರದ ಬುದ್ಧಿ ರಕ್ತದಲ್ಲೇ ಬರಬೇಕು, ಅದು ಇಂಥ ಮನೆತನದವರಿಗೇ ಸೈ ಎಂಬ ನಮ್ಮ ಹಳೆಯ ನಂಬಿಕೆಗೆ ಬಿದ್ದ ಗಟ್ಟಿ ಪೆಟ್ಟು ಅದು.

ಆದರೆ ಕಲಿಸಿದರಷ್ಟೇ ಸಾಲದು, ಕಲಿತವರ ಜತೆಗೆ ನಿಲ್ಲಲೂಬೇಕು. ಅದನ್ನು ಮಾಡಿ ತೋರಿಸಿದ್ದು ದಕ್ಷಿಣ ಕನ್ನಡದ ಉಜಿರೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಅಲ್ಲಿನ ಶಿಕ್ಷಣ ಟ್ರಸ್ಟ್ ಜತೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿ 1982ರಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಕಟ್ಟಿದವು. ಬ್ಯಾಂಕುಗಳು ಅಲ್ಲಿಗೆ ಬಂದದ್ದು ಆಕಸ್ಮಿಕವಲ್ಲ. ಕೈಮಗ್ಗ ನೇಕಾರರ ಕಷ್ಟ ಕಂಡು 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಹುಟ್ಟಿದ್ದು ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಪಿಗ್ಮಿ ತಂದಿತು: ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದ. ಯಾರ ವ್ಯಾಪಾರ ಹೇಗಿದೆ, ಯಾವ ತಿಂಗಳು ಕೈ ಬಿಗಿ ಎಂಬುದು ಅಂಥ ಬ್ಯಾಂಕಿಗೆ ಕಾಗದಪತ್ರಕ್ಕೆ ಮುಂಚೆಯೇ ಗೊತ್ತಿರುತ್ತಿತ್ತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು.

ಉಜಿರೆಯ ಪ್ರಯೋಗ ನಡೆದ ಕಾಲವನ್ನೂ ನೆನೆಯಬೇಕು. ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ ಹೆಸರಿನಲ್ಲಿ 1980ರಿಂದ ದೇಶದ ಎಲ್ಲ ಬ್ಲಾಕ್‌ಗಳಲ್ಲೂ ಸಬ್ಸಿಡಿ ಸಾಲ ಹಂಚುತ್ತಿದ್ದರು. ಎಮ್ಮೆ ಬಂತು, ಮೇವು ಎಲ್ಲಿಂದ, ಹಾಲು ಯಾರಿಗೆ ಎಂದು ಕೇಳುವವರಿರಲಿಲ್ಲ. ಎಷ್ಟೋ ಮನೆಗಳಲ್ಲಿ ಎಮ್ಮೆ ಹೋಯಿತು, ಸಾಲ ಉಳಿಯಿತು. ಉಜಿರೆಯಲ್ಲಿ ಕ್ರಮ ತಿರುಗುಮುರುಗಾಯಿತು. ಮೊದಲು ಉಚಿತ ಊಟ, ವಸತಿಯೊಂದಿಗೆ ಕಲಿಕೆ. ಆಮೇಲೆ ಸಾಲಕ್ಕೆ ದಾರಿ. ಅದರ ಮೇಲೆ ಎರಡು ವರ್ಷ ಬೆನ್ನಹಿಂದೆ ನಿಲ್ಲುವುದು. ಈ ಎರಡು ವರ್ಷವೇ ಇಡೀ ವ್ಯವಸ್ಥೆಯ ಜೀವ.

ಕೇಂದ್ರ ಸರ್ಕಾರ 2009ರಲ್ಲಿ ಈ ಮಾದರಿಯನ್ನು ಇಡೀ ದೇಶಕ್ಕೆ ಹರಡಿತು. ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ), ಅದನ್ನು ನಡೆಸುವ ಹೊಣೆ ಬ್ಯಾಂಕಿಗೆ. ಈಗ 500ಕ್ಕೂ ಹೆಚ್ಚು ಕೇಂದ್ರಗಳಿವೆ; ಹೊಲಿಗೆ, ಹೈನುಗಾರಿಕೆ, ಜೇನು ಸಾಕಣೆ, ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್ ಕಲಿಸುತ್ತವೆ. ಇದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೂ ಸಭೆಗಳಲ್ಲಿ ಎಷ್ಟು ಬ್ಯಾಚು ಮುಗಿಯಿತು ಎಂದು ಕೇಳುವಷ್ಟು ಸಲೀಸಾಗಿ, ಕಳೆದ ವರ್ಷ ಕಲಿತವರ ಅಂಗಡಿ ಬಾಗಿಲು ಇಂದು ತೆರೆದಿದೆಯೇ ಎಂದು ಕೇಳುವುದಿಲ್ಲ. ಕೇಳಬೇಕು. ಆ ಪ್ರಶ್ನೆಯನ್ನು ಬ್ಯಾಂಕಿಗಷ್ಟೇ ಅಲ್ಲ, ಊರಿಗೂ ಕೇಳಬೇಕು.

ರಿವೈಂಡಿಂಗ್ ಕಲಿತು ಬಂದ ಹುಡುಗನ ಪಾಡನ್ನೇ ನೋಡಿ. ಸುಟ್ಟ ಪಂಪಿನ ಮೋಟಾರು ಎದುರಿಗೆ ಬಂದರೆ ಅವನು ಹಳೆಯ ಸುರುಳಿಯನ್ನು ಒಮ್ಮೆಲೇ ಕಿತ್ತೆಸೆಯುವುದಿಲ್ಲ. ಒಂದೊಂದು ಸ್ಲಾಟಿನಲ್ಲಿ ಎಷ್ಟು ಸುತ್ತು ಇದೆಯೆಂದು ಎಣಿಸಿ, ತಂತಿಯ ದಪ್ಪ ಅಳೆದು, ಯಾವ ತುದಿ ಯಾವುದಕ್ಕೆ ಸೇರಿತ್ತೆಂದು ಬರೆದಿಟ್ಟುಕೊಳ್ಳುತ್ತಾನೆ. ಸುತ್ತು ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಡಿಕೆ ತೋಟಕ್ಕೆ ಮೂರು ದಿನ ನೀರು ತಪ್ಪಿದರೆ ಆಗುವ ನಷ್ಟ ರೈತನಿಗೆ ಗೊತ್ತು. ಆದರೂ ಮೋಟಾರು ಗೂಡ್ಸ್ ಆಟೊ ಹತ್ತಿ ಪೇಟೆಗೇ ಹೋಗುತ್ತದೆ, "ನಮ್ಮೂರ ಹುಡುಗ, ಅವನಿಗೇನು ಗೊತ್ತು" ಎಂಬ ಮಾತಿನೊಂದಿಗೆ. ಅವನಲ್ಲಿಗೇ ತಂದವರು ಫಸಲು ಬಂದ ಮೇಲೆ ಕೊಡುತ್ತೇನೆನ್ನುತ್ತಾರೆ. ತಾಮ್ರದ ತಂತಿಯ ಅಂಗಡಿಯವನಿಗೆ ಮಾತ್ರ ಅಂದೇ ನಗದು ಬೇಕು. ಕಲಿಕೆ ಇದೆ, ಮುದ್ರಾ ಸಾಲವೂ ಸಿಕ್ಕಿರಬಹುದು, ಆದರೂ ಮೂರನೇ ತಿಂಗಳಿಗೆ ಕೈ ಖಾಲಿ. ಸೋತದ್ದು ಅವನ ಕೆಲಸವಲ್ಲ. ಉದ್ದರಿಯ ಭಾರವನ್ನು ಅವನೊಬ್ಬನ ಹೆಗಲಿಗೆ ಹಾಕಿದ ಊರು ಅವನನ್ನು ಸೋಲಿಸಿತು.

ಇಲ್ಲಿ ಸ್ತ್ರೀಶಕ್ತಿ ಗುಂಪುಗಳೂ ಸಹಕಾರ ಸಂಘಗಳೂ ಮಾಡಬಹುದಾದ ಕೆಲಸ ದೊಡ್ಡದು. ಸಂಘವು ರೈತನ ಪರವಾಗಿ ರಿಪೇರಿಯ ಹಣ ಕೊಟ್ಟು, ಅದನ್ನು ಫಸಲಿನ ಲೆಕ್ಕಕ್ಕೆ ಹಿಡಿಯಬಹುದು. ಗೊಬ್ಬರಕ್ಕೆ ಹಾಗೆ ಮಾಡುವುದು ನಮಗೆ ಹೊಸದಲ್ಲ, ಮೋಟಾರಿಗೂ ಮಾಡಲು ಅಡ್ಡಿಯೇನು?

ಶಾಲೆಯೂ ಹೊರಗೆ ನಿಲ್ಲಬಾರದು. ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದಿತು 2020ರ ರಾಷ್ಟ್ರೀಯ ಶಿಕ್ಷಣ ನೀತಿ. ನೀತಿಯ ಬಗ್ಗೆ ಜಗಳ ಇರಲಿ, ಈ ಹತ್ತು ದಿನವನ್ನು ಯಾರೂ ಬಿಟ್ಟುಕೊಡಬಾರದು. ಸುತ್ತು ಎಣಿಸುವ ಕೈಯನ್ನು ಹನ್ನೆರಡನೇ ವಯಸ್ಸಿನಲ್ಲಿ ಹತ್ತಿರದಿಂದ ನೋಡಿದ ಮಗು, ಮುಂದೆ ಆ ಕೈಗೆ ಕೆಲಸ ಕೊಡಲು ಅಳುಕುವುದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಒಂದು ವಿಷಯ ಸೇರಲಿ: ನಮ್ಮೂರಿನ ಯಾವ ಯಾವ ಕೆಲಸ ಪೇಟೆಗೆ ಹೋಗುತ್ತಿದೆ, ಅದನ್ನು ಕಲಿತವರು ಊರಲ್ಲಿ ಯಾರಿದ್ದಾರೆ? ಪಟ್ಟಿ ಮಾಡಲು ಅರ್ಧ ಗಂಟೆ ಸಾಕು. ಕುಡಿಯುವ ನೀರಿನ ಕೊಳವೆಬಾವಿಯ ಮೋಟಾರು ಪಂಚಾಯಿತಿಯದ್ದೇ, ಬೇಸಿಗೆಯಲ್ಲಿ ಅದೂ ಸುಡುತ್ತದೆ. ಈ ಸಲ ಅದನ್ನು ಆಟೊಗೆ ಏರಿಸುವ ಮುನ್ನ ಆ ಹುಡುಗನ ಅಂಗಡಿಯ ಮುಂದೆ ಇಳಿಸಲಿ, ಬಿಲ್ಲಿನ ಹಣವನ್ನು ಅದೇ ವಾರ ಕೊಡಲಿ.