ಊರಿನ ಅಂಕೆ, ಬಾಗಿಲಿನ ಅಂಕೆ

ರಾಬರ್ಟ್‌ಸನ್‌ಪೇಟೆಗೆ ಬರುವ ಕಾಗದದ ಮೇಲೆ 563122 ಎಂದಿರಬೇಕು. ನೆರೆಯ ಚಾಂಪಿಯನ್ ರೀಫ್ಸಿಗಾದರೆ 563117, ಮಾರಿಕುಪ್ಪಕ್ಕಾದರೆ 563119. 1972ನೆಯ ಇಸವಿ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ ಮೂರು ಅಂಕೆಗಳು ಸೀಮೆಯನ್ನೂ ಉಳಿದ ಮೂರು ಅಂಚೆಮನೆಯನ್ನೂ ಸೂಚಿಸುತ್ತವೆ. ಒಂದು ಅಂಕೆ ತಪ್ಪಿದರೂ ಊರು ಬಲ್ಲ ಅಂಚೆಯವನು ಹೆಸರನ್ನೋದಿ ಕಾಗದವನ್ನು ಸರಿಯಾದ ಬೀದಿಗೆ ತಿರುಗಿಸಿಯಾನು. ಗಣಕಯಂತ್ರಕ್ಕೆ ಈ ದಾಕ್ಷಿಣ್ಯ ತಿಳಿಯದು.

1964ರಲ್ಲಿ ಐ.ಬಿ.ಎಂ. ಕಂಪೆನಿಯು ಸಿಸ್ಟಮ್ 360 ಎಂಬ ಭಾರಿ ಗಣಕಗಳನ್ನು ಲೋಕದ ಮುಂದಿಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ 1970ರಲ್ಲಿ ಆರಂಭವಾದುದು ಅದೇ ಮನೆತನದ ಒಂದು ಯಂತ್ರದೊಡನೆ. ಮೇನ್‌ಫ್ರೇಮ್ ಎನಿಸಿಕೊಳ್ಳುವ ಈ ಜಾತಿಯ ಯಂತ್ರಗಳು ಬ್ಯಾಂಕು, ವಿಮೆ ಮೊದಲಾದ ದೊಡ್ಡ ಲೆಕ್ಕದ ಕಚೇರಿಗಳಲ್ಲಿ ಇಂದಿಗೂ ದುಡಿಯುತ್ತಿವೆ. ಇವುಗಳಲ್ಲಿ ಲೆಕ್ಕ ಮಾಡುವ ಭಾಗವು ಹೊರಗಿನ ಸರಕನ್ನು ತಾನೇ ಹೊತ್ತು ತರುವುದಿಲ್ಲ. ಅದಕ್ಕೆ ಚಾನೆಲ್ ಎಂಬ ಬೇರೆ ಹಾದಿಯುಂಟು. ಚಿನ್ನದ ಗಣಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಬಂಡೆ ಒಡೆಯುವವನೇ ಅದಿರನ್ನು ಹೊತ್ತು ಮೇಲೆ ಬರುತ್ತಿದ್ದನೇ? ಶಾಫ್ಟಿನಲ್ಲಿ ಒಂದು ಕೇಜು ಏರುವಾಗ ಇನ್ನೊಂದು ಇಳಿಯುತ್ತಿತ್ತು. ಚಾನೆಲ್ಲೆಂಬುದು ಅಂಥ ಶಾಫ್ಟು. ಅದರ ಬಾಯಲ್ಲಿ ಕುಳಿತು, ಹೊರಗಿನ ಜಾಲದಿಂದ ಬಂದುದನ್ನು ಒಳಗಿಳಿಸಿ ಒಳಗಿನದನ್ನು ಹೊರಗಟ್ಟುವ ಪೆಟ್ಟಿಗೆಯೇ ಗೇಟ್‌ವೇ, ಎಂದರೆ ಹೆಬ್ಬಾಗಿಲು.

ಈ ಹೆಬ್ಬಾಗಿಲಿಗೆ ಎರಡು ಬಗೆಯ ವಿಳಾಸ ಬೇಕು, ತೊಡಕೆಲ್ಲ ಇಲ್ಲಿಯೇ. ಮೊದಲನೆಯದು ಜಾಲದ ವಿಳಾಸ: 192.168.10.5 ಎಂಬಂತೆ ಚುಕ್ಕೆಯಿಟ್ಟು ಬರೆದ ನಾಲ್ಕು ಸಂಖ್ಯೆಗಳು, ಯಾವುದೂ 255ನ್ನು ಮೀರದು. ಅದರಲ್ಲಿ ಸೀಮೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬುದನ್ನು ಮಾಸ್ಕ್ ಎಂಬ ಬೇರೊಂದು ಸಂಖ್ಯೆ ಹೇಳುತ್ತದೆ. ಅದು 255.255.255.0 ಎಂದಿದ್ದರೆ ಮೊದಲ ಮೂರು ಸೀಮೆಗೆ, ಕಡೆಯದು ಮನೆಗೆ. ಎರಡನೆಯದು ಚಾನೆಲ್ಲಿನ ಮೇಲಿನ ಸಾಧನದ ಸಂಖ್ಯೆ. ಹಳೆಯ ಬಗೆಯ ಹೆಬ್ಬಾಗಿಲಲ್ಲಿ ಇದು ಕೇಜುಗಳಂತೆಯೇ ಜೋಡಿ: ಓದಲು ಸಮಸಂಖ್ಯೆ, ಬರೆಯಲು ಅದರ ಮುಂದಿನ ಬೆಸಸಂಖ್ಯೆ, ಉದಾಹರಣೆಗೆ 120 ಮತ್ತು 121. ಆದರೆ ಈ 120 ಸಂತೆಯ ನೂರಿಪ್ಪತ್ತಲ್ಲ! ಹತ್ತರ ಬದಲು ಹದಿನಾರನ್ನು ಬುಡವಾಗಿಟ್ಟು ಎಣಿಸಿದ್ದು. ಲೋಕರೂಢಿಯ ಲೆಕ್ಕದಲ್ಲಿ ಅದು 288. ಇದನ್ನು ಮರೆತ ಜಾಣರು ಕಡಮೆಯಲ್ಲ.

ಯಂತ್ರದ ಸಾಧನಪಟ್ಟಿ, ಜಾಲವನ್ನು ನೋಡಿಕೊಳ್ಳುವ ತಂತ್ರಾಂಶ, ಹೆಬ್ಬಾಗಿಲ ಪೆಟ್ಟಿಗೆ, ಈ ಮೂರು ಕಡೆಯೂ ಆ ಜೋಡಿ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಗದ್ದಲವೇನೂ ಆಗದು. ಪೆಟ್ಟಿಗೆಯ ದೀಪಗಳು ಉರಿಯುತ್ತಿರುತ್ತವೆ, ಹೊರಗಿನವರು ಕರೆದರೆ ಅದು ಓಗೊಡುತ್ತದೆ. ಒಳಗೆ ಮಾತ್ರ ಏನೂ ತಲುಪುವುದಿಲ್ಲ. ತಂತಿಯನ್ನು ಮೂರು ಸಲ ಬದಲಿಸಿದ ಮೇಲೆಯೇ ಅಂಕೆಯ ಮೇಲೆ ಅನುಮಾನ ಬರುವುದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಪೇಟೆಗಳ ಎಷ್ಟೋ ಮನೆಗಳ ಅನ್ನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಹೋಗುವವರ ಕೈಯಲ್ಲಿದೆ. ಮಗ ಕಳುಹಿಸಿದ ಹಣಕ್ಕಾಗಿ ಕಿಟಕಿಯ ಮುಂದೆ ನಿಂತ ತಾಯಿಗೆ “ಲೈನ್ ಇಲ್ಲಮ್ಮ, ನಾಳೆ ಬನ್ನಿ” ಎಂಬ ಉತ್ತರ ಸಿಕ್ಕಿದರೆ, ಅದರ ಹಿಂದೆ ಎಲ್ಲಿಯೋ ಸಮ ಬೆಸವಾಗಿರುವುದೂ ಉಂಟು. ಆಕೆಗೆ ಬಸ್ಸಿನ ಖರ್ಚು ಎರಡು ಸಲ.

ಈಗಿನ ಮೇನ್‌ಫ್ರೇಮುಗಳಲ್ಲಿ ಹೆಬ್ಬಾಗಿಲ ಪೆಟ್ಟಿಗೆ ಹೊರಗಿಲ್ಲ; ಯಂತ್ರದೊಳಗಿನ ಒಂದು ಕಾರ್ಡೇ ಆ ಕೆಲಸವನ್ನು ಮಾಡುತ್ತದೆ. ಅಲ್ಲಿ ಸಂಖ್ಯೆಗಳು ಎರಡರಿಂದ ಮೂರಾಗಿವೆ: ಓದಲು ಒಂದು, ಬರೆಯಲು ಒಂದು, ಸರಕು ಸಾಗಿಸಲು ಇನ್ನೊಂದು. ಓದುವುದು ಸಮ, ಅದರ ಮುಂದಿನ ಬೆಸ ಬರೆಯಲು, ಎಂಬ ಹಳೆಯ ಕಟ್ಟಳೆ ಹಾಗೆಯೇ ಇದೆ.