ಗಾಡಿ ಮಾತು 14: ಮುಂದೆ ಸಣಕಲು, ಹಿಂದೆ ದಢೂತಿ

ಫೋಟೊದಲ್ಲಿ ನೋಡೋಕೆ ಸಖತ್ತಾಗೇ ಐತಿ, ಇಲ್ಲ ಅನ್ನಲ್ಲ. ಹಿಂದೆ ರೋಡ್ ರೋಲರ್ ಥರ ಟೈರು, ಮುಂದೆ ಸಣಕಲು ಟೈರು. ಅಮೆರಿಕದ ಡ್ರ್ಯಾಗ್ ರೇಸ್ ರೀಲ್ಸ್ ನೋಡಿ ನೋಡಿ ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ: "ಅಣ್ಣ, ರೋಡಲ್ಲಿ ಓಡಿಸೋ ಸ್ಪೋರ್ಟ್ಸ್ ಕಾರಿಗೆ ಮುಂದೆ ಸ್ಕಿನ್ನಿ ಹಾಕಿಸ್ಬಹುದಾ?"

ಬ್ಯಾಡ್ರಿ. ಅದರಲ್ಲೂ ನಮ್ಮ ಸಂಡೂರು ರೋಡಿಗೆ ಬ್ಯಾಡವೇ ಬ್ಯಾಡ.

ಮೊದಲು ಅವರು ಯಾಕೆ ಹಾಕ್ತಾರೆ ಅಂತ ತಿಳ್ಕೊಳ್ಳಿ. ಡ್ರ್ಯಾಗ್ ಅಂದ್ರೆ ಕಾಲು ಮೈಲಿ, 402 ಮೀಟರ್, ನೇರ ದಾರಿ. ಹಿಂದಿನ ಚಕ್ರ ತಳ್ಳೋ ಕಾರು ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ಹೋಗುತ್ತೆ, ಮುಂಭಾಗ ಹಗುರ ಆಗುತ್ತೆ. ಆಗ ಮುಂದಿನ ಟೈರಿಗೆ ಇರೋ ಕೆಲಸ ಒಂದೇ, ನೆಟ್ಟಗೆ ಉರುಳೋದು. ಹಗುರ ಟೈರು, ಹಗುರ ರಿಮ್, ಕಡಿಮೆ ಘರ್ಷಣೆ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಬಡಿದಾಡೋ ಜಾಗದಲ್ಲಿ ಇದಕ್ಕೆ ಬೆಲೆ ಇದೆ. ಸ್ಟಾರ್ಟ್ ಲೈನಲ್ಲಿ ಬೆಳಕಿನ ಕಿರಣ ಇರುತ್ತಲ್ಲ, ಅದನ್ನ ಅಡ್ಡಗಟ್ಟೋದೂ ಮುಂದಿನ ಟೈರೇ. ಹಾಗಾಗಿ ಅದರ ಎತ್ತರಾನೂ ಲೆಕ್ಕ ಹಾಕಿ ಆರಿಸ್ತಾರೆ. ಅಲ್ಲಿ ಅದು ಶೋಕಿ ಅಲ್ಲ, ಬುದ್ಧಿವಂತಿಕೆ.

ಇನ್ನೊಂದು ಮಾತು. ನಮ್ಮ ಕಡೆ ಓಡಾಡೋ ಸ್ವಿಫ್ಟ್, ಪೋಲೊ, ಐ20 ಎಲ್ಲಾ ಫ್ರಂಟ್ ವೀಲ್ ಡ್ರೈವ್. ಎಳೆಯೋದೇ ಮುಂದಿನ ಚಕ್ರ. ಅದಕ್ಕೆ ಮುಂದೆ ಸ್ಕಿನ್ನಿ ಹಾಕೋದು ಅಂದ್ರೆ ಎತ್ತಿನ ಕಾಲು ಕಟ್ಟಿ ಬಂಡಿ ಹೊಡೆದಂಗೆ. ಅಂಥ ಕಾರನ್ನ ಡ್ರ್ಯಾಗಿಗೆ ಇಳಿಸೋರು ಸಣ್ಣ ಟೈರು ಹಿಂದೆ ಹಾಕ್ತಾರೆ! ಹಾಗಾಗಿ ಈ ಮಾತೆಲ್ಲ ಹಿಂದಿನ ಚಕ್ರ ತಳ್ಳೋ ಕಾರಿದ್ದವರಿಗೆ ಮಾತ್ರ.

ಈಗ ಬ್ರೇಕಿಗೆ ಬನ್ನಿ. 1,700 ಕೆಜಿ ಕಾರು ಅಂದ್ಕೊಳ್ಳಿ. ನಿಂತಾಗ ಮುಂದಿನ ಚಕ್ರಗಳ ಮೇಲೆ ಸುಮಾರು 900 ಕೆಜಿ. ಜೋರಾಗಿ ಬ್ರೇಕ್ ಒತ್ತಿದ್ರೆ ಹಿಂದಿನಿಂದ ಇನ್ನೂ 250–300 ಕೆಜಿ ಮುಂದಕ್ಕೆ ಬಂದು ಬೀಳುತ್ತೆ. ಅಂದ್ರೆ ಕಾರನ್ನ ನಿಲ್ಲಿಸೋ ಕೆಲಸದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮುಂದಿನ ಎರಡು ಟೈರಿನ ತಲೆ ಮೇಲೆ. ರಸ್ತೆಗೆ ಓಕೆ ಅಂತ ಮಾರೋ ಡ್ರ್ಯಾಗ್ ಸ್ಕಿನ್ನಿಯ ಅಗಲ 6 ಇಂಚು, ಅಂದ್ರೆ 152 ಮಿಮೀ ಆಸುಪಾಸು. ನಮ್ಮ ಹಳೇ ಮಾರುತಿ 800ಕ್ಕೆ ಎಷ್ಟಿತ್ತು ಗೊತ್ತಾ? 145. ಆ ಗಾಡಿ ತೂಕ 650 ಕೆಜಿ ಆಸುಪಾಸು, ಎಂಜಿನ್ 40 ಎಚ್‌ಪಿ ಕೂಡ ಇಲ್ಲ. ಈಗ ಅಷ್ಟೇ ಅಗಲದ ಟೈರಿನ ಮೇಲೆ 400 ಎಚ್‌ಪಿಯ ಮಸ್ಟ್ಯಾಂಗ್ ಕೂರಿಸಿ ನೋಡಿ. (2016ರಲ್ಲಿ ಇಂಡಿಯಾಕ್ಕೆ ಬಂದಾಗಿಂದ ನಮ್ಮ ಹುಡುಗರ ವಾಲ್‌ಪೇಪರ್ ಅದೇ.)

"ರ‍್ಯಾಲಿಯವರು ಹಿಮದಲ್ಲಿ ಸಣ್ಣ ಟೈರೇ ಹಾಕ್ತಾರಲ್ಲ" ಅಂತ ಒಬ್ಬರು ವಾದ ಮಾಡಿದ್ರು. ನಿಜ. ಸಣ್ಣ ಟೈರು ಹಿಮ ಸೀಳುತ್ತೆ, ನೀರನ್ನೂ ಚೆನ್ನಾಗೇ ಸೀಳುತ್ತೆ. ಆದ್ರೆ ರ‍್ಯಾಲಿ ಟೈರಿಗೆ ಹಲ್ಲು ಇರುತ್ತೆ, ಮೊಳೆ ಇರುತ್ತೆ. ಡ್ರ್ಯಾಗ್ ಸ್ಕಿನ್ನಿಗೆ ಹೆಸರಿಗೆ ನಾಲ್ಕು ಗೆರೆ.

ಇನ್ನು ನಮ್ಮ ರೋಡು. ನಿಮಗೇ ಗೊತ್ತು. ದೋಣಿಮಲೈ ಕಡೆಯಿಂದ, ತೋರಣಗಲ್ಲು ಕಡೆಗೆ ಅದಿರು ಲಾರಿಗಳ ಸಾಲು. ಟಾರ್ಪಾಲ್ ಕಟ್ಟಿದ್ರೂ ತಿರುವಿನಲ್ಲಿ ಒಂದಿಷ್ಟು ಉದುರೇ ಉದುರುತ್ತೆ. ಒಣಗಿದ್ದಾಗ ಕೆಂಪು ಪುಡಿ, ಟೈರಿನ ಕೆಳಗೆ ಸಣ್ಣ ಗೋಲಿ ಹಾಕಿದಂಗೆ. ಮೊದಲ ಮಳೆ ಬಿದ್ದ ದಿನ ಕೆಂಪು ರಾಡಿ. ಕುಮಾರಸ್ವಾಮಿ ಗುಡಿ ಕಡೆ ಘಾಟಿ ಇಳಿವಾಗ ಸ್ಟೀರಿಂಗ್ ತಿರುಗಿಸ್ತೀರಿ, ಮುಂದಿನ ಟೈರು ಹಿಡಿತ ಬಿಡುತ್ತೆ, ಕಾರು ತಿರುಗಲ್ಲ, ನೆಟ್ಟಗೇ ಹೋಗುತ್ತೆ. ಎದುರಿಗೆ ಟಿಪ್ಪರ್. ಇಲ್ಲಾ, ಕುರಿ ಹಿಂಡಿನ ಮುಂದೆ ಕಂಬಳಿ ಹೊದ್ದ ತಾತ. ಸ್ಕಿನ್ನಿ ಹಾಕೋ ನಿರ್ಧಾರ ನಿಮ್ಮದು, ಆ ತಾತನನ್ನ ಯಾರು ಕೇಳಿದ್ರು?

ನಾನು ಹಟ ಹಿಡಿದು ಬರೀತಿರೋದು ಇದಕ್ಕೇ. ಎಂಜಿನ್ ಟ್ಯೂನ್ ಮಾಡ್ಸಿ ಕೆಟ್ರೆ ನಿಮ್ಮ ಜೇಬು ಖಾಲಿ. ಮುಂದಿನ ಹಿಡಿತ ಕಳ್ಕೊಂಡ್ರೆ ದಾರಿಯಲ್ಲಿ ಇರೋರ ಪಾಲಿಗೂ ಕುತ್ತು.

ಅಂಗಡಿಯವರು ಹೇಳದ ಮಾತು ಇನ್ನೂ ಇದೆ. ಮುಂದಿನ ಟೈರಿನ ಸುತ್ತಳತೆ ಬದಲಾದ್ರೆ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಎರಡಕ್ಕೂ ಲೆಕ್ಕ ತಪ್ಪುತ್ತೆ. ಹಿಂದೆ ಮುಂದೆ ವೇಗ ಬೇರೆ ಅಂತ ತಿಳ್ಕೊಂಡು ಬೇಡದಾಗ ಅಡ್ಡ ಬರುತ್ತೆ. ಸಣ್ಣ ರಿಮ್ ಒಳಗೆ ದೊಡ್ಡ ಡಿಸ್ಕ್ ಹಿಡಿಸಲ್ಲ ಅಂತ ಡಿಸ್ಕನ್ನೇ ಸಣ್ಣದು ಮಾಡಿಸೋರೂ ಇದ್ದಾರೆ. ಹಿಡಿತಾನೂ ಕಮ್ಮಿ, ಬ್ರೇಕೂ ಕಮ್ಮಿ. ಟೈರ್ ಪಕ್ಕದಲ್ಲಿ ಬರೆದಿರೋ ಲೋಡ್ ಇಂಡೆಕ್ಸ್ ಓದಿ, ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇದ್ರೆ ಇನ್ಶೂರೆನ್ಸ್‌ನವರು ಮೊದಲು ಅದನ್ನೇ ಹಿಡ್ಕೊಂಡು ಕೂರ್ತಾರೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ರೋಡಲ್ಲಿ ರೇಸ್ ಮಾಡಿ ಸಿಕ್ಕಿಬಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್: ಮೊದಲ ಸಲ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಡ್ರ್ಯಾಗ್ ಹುಚ್ಚು ತಪ್ಪಲ್ಲ. ಲೋಣಾವಳ ಹತ್ತಿರ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್ ಮೇಲೆ 'ವ್ಯಾಲಿ ರನ್' ನಡೆದಿದೆ, ಕಾರು ಬೈಕು ಎರಡೂ ಓಡಿವೆ. ಅಂಥ ಜಾಗಕ್ಕೆ ಹೋಗೋದಾದ್ರೆ ಸ್ಕಿನ್ನಿ ತಗೊಳ್ಳಿ, ನಾನೇ ಫೋಟೊ ತೆಗೀತೀನಿ. ಆದ್ರೆ ರಿಮ್ ಸಮೇತ ಬೇರೆ ಸೆಟ್ ಇಟ್ಕೊಳ್ಳಿ. ಗೆಳೆಯನ ಪಿಕಪ್‌ನಲ್ಲಿ ಹಾಕ್ಕೊಂಡು ಹೋಗಿ, ಅಲ್ಲೇ ಜಾಕ್ ಕೊಟ್ಟು ಬದಲಾಯಿಸಿ, ಟಾರ್ಕ್ ರೆಂಚಲ್ಲಿ ನಟ್ಟು ಬಿಗಿ ಮಾಡಿ. ಮನೆ ಕಡೆ ಹೊರಡೋ ಮುಂಚೆ ಅಗಲದ ಟೈರು ವಾಪಸ್ ಹಾಕಿ, ನೂರು ಕಿಲೋಮೀಟರ್ ಆದ್ಮೇಲೆ ನಟ್ಟು ಇನ್ನೊಂದ್ಸಲ ನೋಡಿ.

ಮುಂದಿನ ಕಂತು: ಅದಿರು ಧೂಳು ಮತ್ತು ಏರ್ ಫಿಲ್ಟರ್.

#ಗಾಡಿಮಾತು #ಸಂಡೂರು #ಟೈರು